ಆಈಯ ಗದ್ದೆ

ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎಂದು ಬೆಳೆದವರಿಗೆ ನಾನು ಹೇಳುವ ದಿನಗಳು ಹೊಸವೇನಲ್ಲ. ನನಗಾಗ ಹತ್ತು ವರ್ಷ. ಧಾರವಾಡದಿಂದ ಪುಣೆಗೆ ಬಂದ ಅಪ್ಪನನ್ನು ಕಾರಕೂನಿಕೆಯ ಮೇಲೆ ಪಶ್ಚಿಮದ ಕಣಿವೆಯೊಂದಕ್ಕೆ ಕಳಿಸಿದ್ದರು; ಅವ್ವನೂ ನಾನೂ ಜೊತೆಗೆ ಹೋದೆವು. ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು ಬೇಕೆಂದು ಅಲ್ಲಿಯ ನದಿಗೆ ಕಟ್ಟೆ ಕಟ್ಟುವುದಿತ್ತು. ಮುಳುಗುವ ಗದ್ದೆ ಯಾರು ಯಾರದೆಂದು ಬರೆದುಕೊಳ್ಳುವುದು ಅಪ್ಪನ ಕೆಲಸ. ಯಾದಿಯಲ್ಲಿ ಹೆಸರಿದ್ದವರಿಗೆ ಬೇರೆ ಕಡೆ ಭೂಮಿ. ಇಲ್ಲದವರಿಗೆ ಏನೂ ಇಲ್ಲ.

ಊರೆಂದರೆ ಮೂವತ್ತು ಮನೆ. ಎರಡೂ ಕಡೆ ಗುಡ್ಡ, ನಡುವೆ ನದಿ. ತಗ್ಗಿನಲ್ಲಿ ಭತ್ತ, ಇಳಿಜಾರಿನಲ್ಲಿ ನಾಚಣಿ, ಅಂದರೆ ನಮ್ಮ ರಾಗಿ. ಮೇಲೊಂದು ಹಾಳುಬಿದ್ದ ಕೋಟೆ. ಅದಕ್ಕೆ ಕಟ್ಟಿಗೆ ಹೊತ್ತವರ ಮೊಮ್ಮಕ್ಕಳು ನಾವು ಎಂದು ಊರವರು ಹೇಳಿಕೊಳ್ಳುತ್ತಿದ್ದರು. ಅವರ ಇತಿಹಾಸ ಅಷ್ಟೇ, ಅದೂ ಬಾಯಿಮಾತಿನದು. ಅಲ್ಲಿಯ ಆಂಬೇಮೋಹರ ಅಕ್ಕಿ ಕುದಿಯುವಾಗ ಓಣಿಗೆಲ್ಲ ಮಾವಿನ ಹೂವಿನ ವಾಸನೆ. ಜೋಳದ ರೊಟ್ಟಿ ಉಂಡು ಬೆಳೆದ ನಮ್ಮ ಅವ್ವ ಕೂಡ, “ಇದಕ್ಕ ಪಲ್ಯಾ ಬ್ಯಾಡವಾ, ವಾಸನೀಗೇ ಉಣ್ಣಬಹುದು” ಅನ್ನುತ್ತಿದ್ದಳು.

ಪಕ್ಕದ ಮನೆಯಲ್ಲಿ ಗಂಗೂಬಾಯಿ ಎಂಬ ವಿಧವೆ ಒಬ್ಬಳೇ ಇದ್ದಳು. ನಾನು ಆಜಿ, ಅಂದರೆ ಅಜ್ಜಿ, ಎನ್ನುತ್ತಿದ್ದೆ. ಗುಡ್ಡಕ್ಕೆ ಹೋದಾಗಲೆಲ್ಲ ಸೆರಗಿನ ತುಂಬ ಕವಳಿಹಣ್ಣು ತಂದು ನನ್ನ ಉಡಿಗೆ ಸುರಿಯುತ್ತಿದ್ದಳು. ಊರ ಹುಡುಗಿಯರೊಡನೆ ಗಜಗ ಆಡುತ್ತಾಡುತ್ತಲೇ ನನಗೆ ಅವರ ಮರಾಠಿ ಬಂತು. ಅಪ್ಪನದು ಪುಸ್ತಕದ ಮರಾಠಿ. “ಇವರ ಮಾತು ನನಗ ಅರ್ಧಾ ತಿಳಿಯಂಗಿಲ್ಲ. ನೀನೂ ಬಾ, ತಿಳಿಸಿ ಹೇಳೀಯಂತ” ಎಂದು ನನ್ನನ್ನು ಕರೆದೊಯ್ಯತೊಡಗಿದ.

ಅಂದು ನದಿಯ ದಂಡೆಯ ಗದ್ದೆ. ಬದುವಿನ ಮೇಲೆ ಸಿಂದೂರ ಬಳಿದ ಕಲ್ಲು. ಆಜಿ ಅಲ್ಲೇ ನಿಂತಿದ್ದಳು. “ಇದು ಯಾರದು ಕೇಳು” ಅಂದ ಅಪ್ಪ. ಕೇಳಿದೆ.

“ಆಈಚಂ ಹಾಯ್” ಅಂದಳು, ಆಈಯದು ಎಂದು.

ಆಈ ಅಂದರೆ ತಾಯಿ. ಆದರೆ ಆ ಊರಲ್ಲಿ ದೇವಿಗೂ ಆಈ ಎಂದೇ ಅನ್ನುತ್ತಿದ್ದರು. ನಾನು ಕಲ್ಲು ನೋಡಿದೆ.

“ದೇವೀದಂತಪ್ಪಾ.”

“ಖರೇನು?”

“ಹೂಂ. ಇಲ್ಲೆ ಎಲ್ಲಾರೂ ದೇವೀಗೆ ಹಂಗ ಅಂತಾರ.”

“ಭಾಳ ಶಾಣ್ಯಾಕಿ ಇದ್ದೀ!” ಎಂದು ಅಪ್ಪ ‘ದೇವಿಯ ಜಮೀನು’ ಎಂದು ಬರೆದ.

ನಾಲ್ಕು ದಿನದ ಮೇಲೆ ಆಜಿ ನನಗೆ ನಾಚಣಿ ರೊಟ್ಟಿ ಮುರಿದು ಕೊಡುತ್ತ ತನ್ನ ಕಥೆ ಹೇಳಿದಳು. ಗಂಡನ ಮನೆಯವರು ಹೊರಗೆ ಹಾಕಿದಾಗ ಹೆತ್ತವ್ವ ಈ ಗದ್ದೆ ಕೊಟ್ಟಳಂತೆ; ಆ ಬದು ಆ ಅವ್ವನೇ ಕಲ್ಲು ಹೊತ್ತು ಕಟ್ಟಿದ್ದಂತೆ. ಅಂದು ಅವಳು ಹೇಳಿದ ಆಈ ದೇವಿಯಲ್ಲ, ಹೆತ್ತವ್ವ ಎಂದು ಆಗ ತಿಳಿಯಿತು. ಆದರೂ ಅಪ್ಪನಿಗೆ ಹೇಳಲಿಲ್ಲ. ಕಚೇರಿಯ ಮಂದಿಗಿಂತ ನನ್ನ ಮಗಳೇ ಜಾಣೆ ಎಂದು ಅವನು ಧಾರವಾಡದ ಅಜ್ಜನಿಗೆ ಕಾಗದ ಬರೆದಾಗಿತ್ತು.

ಚಾವಡಿಯಲ್ಲಿ ಯಾದಿ ಓದಿದರು. ಆಜಿಯ ಹೆಸರು ಬರಲಿಲ್ಲ; ಅವಳ ಗದ್ದೆ ‘ದೇವಿಯ ಜಮೀನು’ ಎಂದು ಬಂತು. ಆ ಗದ್ದೆ ನನ್ನದು ಎಂದು ಅವಳು ಎದ್ದು ನಿಂತಳು. ಹಿಂದಿನಿಂದ ಯಾರೋ, “ಮುದುಕೀ, ದೇವಿಯ ಪಾಲಿಗೂ ಕೈ ಹಾಕಿದೆಯಾ?” ಅಂದರು. ಜನ ನಕ್ಕರು. ಅವಳು ಸುತ್ತ ನೋಡಿ ನನ್ನನ್ನು ಗುರುತಿಸಿದಳು. ಮುಖ ಅರಳಿತು.

“ಪೋರೀ, ನೀನಿದ್ದೆಯಲ್ಲ ಅಲ್ಲಿ! ನಾನು ಏನಂದೆ, ಸಾಹೇಬರಿಗೆ ಹೇಳು.”

ಅಪ್ಪ ನನ್ನ ಕಡೆ ತಿರುಗಿದ. “ಏನಂದಿದ್ದಳವಾ ಆಕಿ?”

ಮೊದಲ ಸಲ ತಿಳಿಯದೆ ಹೇಳಿದ್ದೆ. ಈ ಸಲ ತಿಳಿದೇ ಹೇಳಿದೆ. “ನಾ ಆಗ ಹೇಳಿದ್ದ ಖರೇ ಅಪ್ಪಾ.”

ಆಜಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಅವಳ ಪರವಾಗಿಯೇ ಹೇಳಿದೆನೆಂದು ನನ್ನ ತಲೆ ಸವರಿದಳು.

ಆ ಮಳೆಗಾಲಕ್ಕೆ ಮೊದಲೇ ಊರು ಖಾಲಿಯಾಯಿತು. ಆಜಿ ಪುಣೆಯಾಚೆಯ ಶಿರೂರಿನ ಕಡೆ ಯಾರದೋ ಹೊಲದ ಕೂಲಿಗೆ ಹೋದಳೆಂದು ಕೇಳಿದೆ, ಮುಂದೆ ಏನೂ ಗೊತ್ತಾಗಲಿಲ್ಲ. ಅಪ್ಪ ಸಾಯುವ ತನಕ ನಾನು ಬಾಯಿ ಬಿಡಲಿಲ್ಲ. ಈಗ ಪುಣೆಯ ಸದಾಶಿವ ಪೇಠದಲ್ಲಿದ್ದೇನೆ. ನನಗೂ ಮೊಮ್ಮಕ್ಕಳಾಗುವ ವಯಸ್ಸು. ಆ ಮೂವತ್ತು ಮನೆ, ಆ ಬದುಗಳು, ಆ ಹುಡುಗಿಯರ ಮಾತು, ಎಲ್ಲದರ ಮೇಲೆ ನೀರು ನಿಂತಿದೆ. ಊರಿನ ಬಗ್ಗೆ ಬರೆದಿಟ್ಟದ್ದು ಎಲ್ಲಾದರೂ ಇದ್ದರೆ ಅಪ್ಪನ ಯಾದಿ ಮಾತ್ರ, ಯಾವುದೋ ಕಚೇರಿಯ ಗಂಟಿನಲ್ಲಿ. ಅಕ್ಷರ ಅವನದು, ಮಾತು ನನ್ನದು. ಅದು ಉಳಿದಷ್ಟು ಕಾಲ ಅದರ ಲೆಕ್ಕದಲ್ಲಿ ಗಂಗೂಆಜಿಗೆ ಗದ್ದೆಯೇ ಇರಲಿಲ್ಲ. ಅದನ್ನೂ ಗೆದ್ದಲು ತಿಂದರೆ, ಊರೇ ಇರಲಿಲ್ಲ.