ಮಂಟಪದವರೆಗಿನ ಮೇಷ್ಟ್ರು

ನಮ್ಮ ಯಜಮಾನರು ಆದಿನಾರಾಯಣಪ್ಪನವರು ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಬೀದಿಯಲ್ಲಿ ಎದೆ ಸೆಟೆಸಿಕೊಂಡು ನಡೆಯುತ್ತಿದ್ದ ಆ ಮಹಾನುಭಾವರು, ಅಟ್ಟದಿಂದ ಪಾತ್ರೆ ಇಳಿಸಬೇಕಾದರೆ ನನ್ನನ್ನೇ ಏಣಿ ಹತ್ತಿಸುತ್ತಿದ್ದರು. ಎತ್ತರ ಅಂದರೆ ಅವರಿಗೆ ಕಾಲು ನಡುಗುತ್ತಿತ್ತು. ಮೇಲೆ ಥಳುಕು, ಒಳಗೆ ಹುಳುಕು ಅಂತ ನಾನು ಅಣಕಿಸುತ್ತಿದ್ದೆ. ಈ ಗುಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹಾಗಂತ ಕೆಟ್ಟವರಲ್ಲ, ಸುಳ್ಳೇಕೆ ಹೇಳಲಿ. ಶಾಲೆಯ ಹುಡುಗರೇನೋ ಖಾಕಿ ಚಡ್ಡಿ ತೊಟ್ಟು ಸ್ಕೌಟ್ ಕ್ಯಾಂಪಿಗೆ ಹೋಗುತ್ತಿದ್ದರು. ಶಾಲೆಯ ಮುಖವನ್ನೇ ಕಾಣದೆ ಮಗ್ಗದ ಮನೆಗಳಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಮಕ್ಕಳನ್ನು ಕೇಳುವವರು ಯಾರು? ಅಮಾವಾಸ್ಯೆಗೆ ಮಗ್ಗಕ್ಕೆ ರಜ. ಅವತ್ತು ಇವರು ಆ ಮಕ್ಕಳನ್ನು ಕೆರೆ ಬಯಲಿಗೆ ಕರೆದೊಯ್ದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಈಜು ಕಲಿಸುತ್ತಿದ್ದರು. ೧೯೬೮ರಲ್ಲಿ ಒಂದು ಸಲ ರೈಲು ಹತ್ತಿಸಿ ಮಾಕಳಿ ಬೆಟ್ಟಕ್ಕೇ ಕರೆದೊಯ್ದರು.

ಅರ್ಧ ಬೆಟ್ಟದಲ್ಲಿ ಒಂದು ಮಂಟಪ. ಅಲ್ಲಿ ಊಟವಾದ ಮೇಲೆ ಮಕ್ಕಳು ತುದಿಗೆ ಓಡಲು ಹೊರಟವು. ಸಪ್ಪಲಮ್ಮ ಅಂತ ಒಂದು ಪುಟ್ಟ ಹುಡುಗಿಗೆ ಮೇಲಿಂದ ತನ್ನ ಬೀದಿ ನೋಡುವ ಆಸೆ. ಮುಂದಿದ್ದ ಬೋಳು ಬಂಡೆ ಕಂಡು ಇವರಿಗೆ ಜೀವ ಹಾರಿತು. "ಮೇಲೆ ಸ್ವಾಮಿ ಇದಾನೆ ಕಣ್ರೋ. ಉಂಡೋರು ಹತ್ತಬಾರದು" ಅಂದುಬಿಟ್ಟರು. ಎಲ್ಲರೂ ತೆಪ್ಪಗೆ ವಾಪಸ್ಸು.

ಮನೆಗೆ ಬಂದು ನನಗೆ ಹೇಳಿದಾಗ ಮೈ ಉರಿಯಿತು. "ಥೂ, ದೇವ್ರ ಹೆಸರಲ್ಲಿ ಸುಳ್ಳಾ? ನಾಚ್ಕೆ ಆಗಲ್ವೇನ್ರೀ?"

"ಮಕ್ಳು ಕಣೇ, ಮರೀತಾವೆ ಬಿಡು."

ಮರೆಯಲಿಲ್ಲ. ಮುಂದಿನ ವರ್ಷ ಚಿತ್ರಾನ್ನದ ಬುಟ್ಟಿ ಹೊತ್ತು ನಾನೂ ಹೋದೆ. ಮಂಟಪದಲ್ಲಿ ಮುತ್ತುಗದ ಎಲೆ ಹಾಸಿ ಕರೆದರೆ ಒಂದು ಮಗುವೂ ಕೂರಲಿಲ್ಲ.

"ನಾವ್ಯಾರೂ ಉಣ್ಣಲ್ಲ ಅಕ್ಕಾ," ಅಂದಳು ಸಪ್ಪಲಮ್ಮ. ತುಟಿ ಒಣಗಿತ್ತು. "ನಿನ್ನೆಯಿಂದ್ಲೂ ಎಲ್ರೂ ಉಪವಾಸ. ಈ ಸಲ ಸ್ವಾಮಿ ಬಿಡ್ತಾನೆ."

ಅಯ್ಯೋ ದೇವರೇ! ಮೊದಲೇ ಅರೆಹೊಟ್ಟೆಯ ಮಕ್ಕಳು. ನಾನು ಗಂಡನ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು. ಈಗಲಾದರೂ ನಿಜ ಹೇಳುತ್ತಾರೆ ಅಂದುಕೊಂಡರೆ, "ಹೋಗ್ಬನ್ನಿ. ನಾನು ಬೆಳಿಗ್ಗೆ ಮುದ್ದೆ ತಿಂದ್ಬಿಟ್ಟೆ, ಬರಂಗಿಲ್ಲ" ಅಂದರು. ಮತ್ತೊಂದು ನೆಪ!

ಅಡುಗೆ ಗಡಿಬಿಡಿಯಲ್ಲಿ ನಾನು ಏನೂ ತಿಂದಿರಲಿಲ್ಲ. ಮಕ್ಕಳೆದುರು ಗಂಡನ ಗುಟ್ಟು ಬಿಡಲು ಮನಸ್ಸಾಗದೆ ನಾನೇ ಅವುಗಳ ಜೊತೆ ಹತ್ತಿದೆ. ತುದಿಯಿಂದ ಬೀದಿ ಕಾಣಲಿಲ್ಲ, ರೈಲು ಕಂಡಿತು. ಮಕ್ಕಳಿಗೆ ಅಷ್ಟೇ ಸಾಕಾಯಿತು. ಇಳಿಯುವಾಗ ಸಪ್ಪಲಮ್ಮನಿಗೆ ಕಣ್ಣು ಕತ್ತಲೆ ಬಂದು, ಅವಳನ್ನು ಕಂಕುಳಲ್ಲಿ ಎತ್ತಿಕೊಂಡೇ ತಂದೆ.

ಎಲೆಯ ಮುಂದೆ ಕೂರಿಸಿದೆ. ಇವರೇ ಬಡಿಸಲು ಬಂದರು. ಅವಳು ತುತ್ತು ಕೈಯಲ್ಲಿ ಹಿಡಿದು, "ಮೇಷ್ಟ್ರೇ, ಬರೋ ವರ್ಷ ನೀವೂ ಉಪ್ವಾಸ ಇರಿ. ನಾನೇ ಗ್ಯಾಪಕ ಮಾಡ್ತೀನಿ. ರೈಲು ಎಷ್ಟ್ ಚೆಂದ ಕಾಣ್ತದೆ ಗೊತ್ತಾ?" ಅಂದಳು.

ಇವರು ಸೌಟನ್ನು ಬುಟ್ಟಿಯಲ್ಲಿಟ್ಟು ಅವಳ ಮುಂದೆ ಕುಕ್ಕರಿಸಿದರು. "ಸ್ವಾಮಿ ಹಂಗೇನೂ ಹೇಳಿಲ್ಲ ಕಣವ್ವಾ. ನಂಗೆ ಎತ್ತರ ಅಂದ್ರೆ ಭಯ. ಸುಳ್ಳು ಹೇಳ್ಬಿಟ್ಟೆ."

ಸಪ್ಪಲಮ್ಮ ಕೈಯಲ್ಲಿದ್ದ ತುತ್ತನ್ನು ನೋಡಿದಳು. "ಹಂಗಾದ್ರೆ ಉಂಡ್ಕೊಂಡೇ ಹೋಗ್ಬೋದಿತ್ತಾ?"

"ಹೋಗ್ಬೋದಿತ್ತವ್ವಾ" ಅಂದವರೇ ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಅವಳು ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಗಬಗಬ ತಿನ್ನತೊಡಗಿದಳು.