ಏಕಾದಶಿಯ ಹೊಗೆ

ಹಾನಗಲ್ಲಿನ ನನ್ನ ಅತ್ತೆಯ ಮನೆಯಲ್ಲಿ ಬಹಳ ವರ್ಷ ಇದ್ದದ್ದು ಒಂದೇ ಕೊಳವೆ, ಒಲೆ ಊದುವ ಕೊಳವೆ. ಬೆಂಕಿಗೆ ಗಾಳಿ ಹೋಗಲು ದಾರಿ ಇತ್ತು, ಹೊಗೆ ಹೊರಗೆ ಹೋಗಲು ಇರಲಿಲ್ಲ. ಹೊಗೆ ಪಾಪ ಎಲ್ಲಿಗೆ ಹೋಗಬೇಕು? ನಮ್ಮ ಕಣ್ಣಿಗೆ, ಮೂಗಿಗೆ, ಅಲ್ಲಿಂದ ಮಿಕ್ಕಿದ್ದು ಅಟ್ಟಕ್ಕೆ. ಅಟ್ಟದ ಮೇಲೆ ಮಾವನವರ ಪೋಥಿಗಳು, ಹಳೆಯ ಧರ್ಮಗ್ರಂಥಗಳು, ಇದ್ದವು. ಹೊಗೆ ತಾಕಿದರೆ ಪೋಥಿಗೆ ಹುಳ ಹತ್ತುವುದಿಲ್ಲವಂತೆ. ಹೀಗೆ ಆ ಮನೆಯಲ್ಲಿ ಹಸಿ ಕಟ್ಟಿಗೆಯ ಹೊಗೆಗೂ ಒಂದು ಶಾಸ್ತ್ರವಿತ್ತು, ಹೆಂಗಸರ ಕಣ್ಣೀರಿಗೆ ಮಾತ್ರ ಯಾವ ಶಾಸ್ತ್ರದಲ್ಲೂ ಜಾಗ ಇರಲಿಲ್ಲ.

ನಾನು ಶಿಗ್ಗಾಂವಿಯವಳು. ತವರಿನದು ಮಣ್ಣಿನ ಮಾಳಿಗೆ, ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿ. ಹೊಗೆ ತನ್ನ ಪಾಡಿಗೆ ತಾನು ಎದ್ದು ಹೋಗುತ್ತಿತ್ತು. ಹಾನಗಲ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಕೆಂಪು ಕಣ್ಣು ನೋಡಿ ಮಾವನವರು ಪಡಸಾಲೆಗೆ ಬಂದವರಿಗೆಲ್ಲ, ಹುಡುಗಿಗೆ ತವರಿನ ನೆನಪು ಬಹಳ ಎಂದು ಹೇಳುತ್ತಿದ್ದರು. ತವರಿನ ನೆನಪಂತೆ, ನನ್ನ ತಲೆ! ಹಸಿ ಜಾಲಿ ಕಟ್ಟಿಗೆ ಅದು.

ಅತ್ತೆಯ ಎಡಗಣ್ಣು ನಾನು ಬರುವ ಮೊದಲೇ ಹೂ ಬಿದ್ದು ಹೋಗಿತ್ತು. ಬಲಗಣ್ಣು ನೀರು ಸುರಿಸುತ್ತ ಹೇಗೋ ಸಂಸಾರ ತೂಗಿಸುತ್ತಿತ್ತು. ಅದೂ ಮಂಜಾಗತೊಡಗಿದ್ದು ಮನೆಯ ಗಂಡಸರಿಗೆ ತಿಳಿದದ್ದು ಹೇಗೆ ಗೊತ್ತೆ? ಅನ್ನದಲ್ಲಿ ಹರಳು ಸಿಕ್ಕು ಮಾವನವರ ಹಲ್ಲು ಅಲುಗಾಡಿದಾಗ. ಆಗ ಹುಬ್ಬಳ್ಳಿಯ ಡಾಕ್ಟರರ ಹತ್ತಿರ ಹೋಗುವುದಾಯಿತು, ಹಲ್ಲಿನ ಜೊತೆಗೆ ಕಣ್ಣನ್ನೂ ಒಯ್ದರು. ಡಾಕ್ಟರರು ಒಂದೇ ಮಾತು ಹೇಳಿದರು. ಹೊಗೆ ತಪ್ಪಿದರೆ ಈ ಕಣ್ಣು ಉಳಿಯುತ್ತದೆ, ತಪ್ಪದಿದ್ದರೆ ಇದೂ ಹೋಗುತ್ತದೆ. ಆ ಮಾತನ್ನು ಅಲ್ಲಿಯೇ ಕುಳಿತಿದ್ದ ಹಾನಗಲ್ಲಿನವರೊಬ್ಬರು ಕೇಳಿಸಿಕೊಂಡರು. ಅದೇ ನಮ್ಮ ಪುಣ್ಯ. "ಜನ ಏನಂದಾರು" ಎಂಬುದು ಮಾವನವರ ಪಾಲಿಗೆ ಐದನೆಯ ವೇದ.

ನನ್ನ ಗಂಡ ಹಿರೇಕೆರೂರಿನ ಕಚೇರಿಯಲ್ಲಿ ಗುಮಾಸ್ತರು, ಮನೆಗೆ ಬರುವುದು ರವಿವಾರಕ್ಕೆ. ಅವರು ಧಾರವಾಡದಲ್ಲಿ ಒಬ್ಬ ಸಾಹೇಬರ ಬಂಗಲೆ ನೋಡಿದ್ದರು. ಅಲ್ಲಿ ಚಳಿಗೆಂದು ಗೋಡೆಯೊಳಗೇ ಬೆಂಕಿ ಹಾಕುತ್ತಾರಂತೆ, ಹೊಗೆ ಒಂದು ಚಿಮಣಿಯೊಳಗಿಂದ ನೆಟ್ಟಗೆ ಆಕಾಶಕ್ಕೆ ಹೋಗುತ್ತದಂತೆ. ಮಾವನವರು ಸವಣೂರಿನ ತಗಡಿನ ಸಾಬರಿಗೆ ಹೇಳಿ ಕಳಿಸಿದರು: ಒಲೆಯ ಮೇಲೆ ಒಂದು ದೊಡ್ಡ ಚಿಮಣಿ ಬೇಕು, ಊರಲ್ಲಿ ಯಾರ ಮನೆಯಲ್ಲೂ ಇರಬಾರದು, ಅಂಥದ್ದು.

ನಮ್ಮ ಕಡೆ ಚಿಮಣಿ ಅಂದರೆ ಏನು? ಘಾಸಲೇಟಿನ ದೀಪ, ಅಂದರೆ ಸೀಮೆಎಣ್ಣೆಯದು. ಸಾಬರು ಸಂತೆಯ ದಿನ ಒಂದು ದೀಪ ಹೊತ್ತು ತಂದರು, ಕೊಡದಷ್ಟು ದೊಡ್ಡದು. ಬತ್ತಿ ನನ್ನ ಹೆಬ್ಬೆರಳಿನಷ್ಟು ದಪ್ಪ. ಒಲೆಯ ಮೇಲೆ ತೂಗುಹಾಕಲು ಕೊಂಡಿ ಬೇರೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ತಂದ ಮನುಷ್ಯನಿಗೆ ಏನೆನ್ನುವುದು? ಮಾವನವರಿಗೆ ತಪ್ಪಾಯಿತು ಎನ್ನುವ ಶಬ್ದ ಸಂಸ್ಕೃತದಲ್ಲೂ ಗೊತ್ತಿರಲಿಲ್ಲ, ಕನ್ನಡದಲ್ಲೂ ಗೊತ್ತಿರಲಿಲ್ಲ. ತಾನು ಹೇಳಿದ್ದೇ ಇದು, ಪುರಾಣ ಓದುವಾಗ ಬೆಳಕು ಬೇಕಲ್ಲ ಎಂದು ಅದನ್ನು ಪಡಸಾಲೆಯಲ್ಲಿ ತೂಗುಹಾಕಿಸಿದರು. ಅದನ್ನು ಹಚ್ಚಿದ ದಿನ ಪಡಸಾಲೆಯ ಗಂಡಸರೆಲ್ಲ ಕೆಮ್ಮಿದ್ದೇ ಕೆಮ್ಮಿದ್ದು. ಒಳಗೆ ಅತ್ತೆ ಮತ್ತು ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ಹೊಗೆಯ ರುಚಿ ಅವರಿಗೂ ಒಂದಿಷ್ಟು ಗೊತ್ತಾಗಲಿ ಎಂದು ನನಗೆ ನಿಜವಾಗಿ ಖುಷಿಯಾಗಿತ್ತು.

ಆಮೇಲೆ "ಹೊಗಿ ಕೊಳವಿ" ಎಂದು ಬಿಡಿಸಿ ಹೇಳಿದರು. ಸಾಬರು ಅಂಥದ್ದನ್ನು ಎಂದೂ ಮಾಡಿದವರಲ್ಲ. ಆದರೆ ಯಾವುದಕ್ಕೂ ಇಲ್ಲ ಎನ್ನುವವರಲ್ಲ, ಏನು ಕೇಳಿದರೂ "ಆಗ್ತೈತ್ರಿ" ಎನ್ನುತ್ತಿದ್ದರು. ಕೊಳವೆ ನೆಟ್ಟಗೆ ಹೋದರೆ ಅಟ್ಟದ ಪೋಥಿಗಳ ನಡುವೆಯೇ ಹಾಯಬೇಕು. ಪೋಥಿಗೆ ತಗಡು ತಾಕಬಾರದು, ಕೊಳವೆಯನ್ನು ಸುತ್ತುಹಾಕಿ ಬಾಗಿಸಿ ಒಯ್ಯಿರಿ ಎಂದರು ಮಾವನವರು. ಆಗ್ತೈತ್ರಿ. ಅಡಿಗೆಮನೆ ಮಡಿ, ನೀವು ಒಳಗೆ ಕಾಲಿಡಬಾರದು, ಎಲ್ಲ ಹೊರಗಿನಿಂದಲೇ ಮಾಡಿರಿ. ಅದೂ ಆಗ್ತೈತ್ರಿ.

ಹಂಚು ತೆಗೆದು ಸಾಬರು ಸೂರಿನ ಮೇಲೆ ಕುಳಿತರು. ಒಲೆಯ ಮೇಲೆ ಬೋರಲು ಹಾಕಿದ ಬುಟ್ಟಿಯಂಥ ತಗಡಿನ ಮುಚ್ಚಿಗೆಯನ್ನು ಒಳಗೆ ನಾವಿಬ್ಬರು ಹಿಡಿದು ನಿಂತೆವು. ಅವರು ಅಳತೆಗೆಂದು ಮೇಲಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು, ಕಲ್ಲು ಹೋಗಿ ಹಾಲಿನ ಪಾತ್ರೆಗೆ ಬಿತ್ತು. ಹಾಲು ಹೋಯಿತು, ಮಡಿ ಹೋಯಿತು, ನಾವಿಬ್ಬರೂ ಮತ್ತೆ ತಲೆಯ ಮೇಲೆ ನೀರು ಹಾಕಿಕೊಂಡು ಬಂದೆವು. ಅಷ್ಟೆಲ್ಲ ಆಗಿ ಒಲೆ ಹಚ್ಚಿದರೆ ಹೊಗೆ ಸರಸರ ಮೇಲೆ ಏರಿ, ಪೋಥಿಯ ಹತ್ತಿರದ ತಿರುವಿನವರೆಗೆ ಹೋಗಿ, ದಾರಿ ಕಾಣದೆ ಮೊದಲಿಗಿಂತ ಜೋರಾಗಿ ನಮ್ಮ ಮೇಲೆಯೇ ಇಳಿಯಿತು.

ಮಾವನವರು ಮುಹೂರ್ತ ಸರಿ ಇರಲಿಲ್ಲ ಎಂದು ಪಂಚಾಂಗಕ್ಕೆ ಕೈ ಹಾಕಿದರು. ಅತ್ತೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು.

"ಪೋಥಿ ಸರಸ್ರಿ," ಅಂದರು. "ಕಣ್ಣು ಸರಸಲಿಕ್ಕೆ ಬರಂಗಿಲ್ಲ."

ಪೋಥಿಗಳು ಪಡಸಾಲೆಗೆ ಇಳಿದವು. ಕೊಳವೆ ನೆಟ್ಟಗಾಯಿತು. ಒಲೆಯ ಹತ್ತಿರ ಬಗ್ಗಿ ಕತ್ತು ಎತ್ತಿದರೆ ತುದಿಯಲ್ಲಿ ತಾಟಿನಷ್ಟು ಆಕಾಶ ಕಾಣುತ್ತಿತ್ತು. ಅತ್ತೆಯ ಕಣ್ಣಿನ ನೀರು ನಿಂತಿತು. ಬೇಳೆಯಲ್ಲಿನ ಹುಳ ಕಾಣತೊಡಗಿತು, ಪಾತ್ರೆಗೆ ಉಳಿದ ಮಸಿ ಕಾಣತೊಡಗಿತು, ನನ್ನ ರೊಟ್ಟಿಯ ಸೊಟ್ಟ ಅಂಚೂ ಕಾಣತೊಡಗಿತು. ದಿನವಿಡೀ ಬೈಗುಳ. ಆ ಬೈಗುಳ ಕೇಳುವಾಗ ನನಗೆ ಎಷ್ಟು ಸಮಾಧಾನವಾಗುತ್ತಿತ್ತೆಂದರೆ, ಬೇಕೆಂದೇ ಒಂದೆರಡು ರೊಟ್ಟಿ ಸೊಟ್ಟ ತಟ್ಟುತ್ತಿದ್ದೆ.

ಆಮೇಲೆ ಏಕಾದಶಿ ಬಂತು.

ಮಾವನವರ ಏಕಾದಶಿ ಊರಿಗೆಲ್ಲ ಹೆಸರಾದದ್ದು. ತೊಟ್ಟು ನೀರೂ ಮುಟ್ಟುವುದಿಲ್ಲ, ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಪುರಾಣ ಓದುತ್ತಾರೆ, ದನಿ ಮಾತ್ರ ಸಂಜೆಯವರೆಗೂ ಗಂಟೆ ಬಾರಿಸಿದ ಹಾಗೆ. ಹೇಗೆ ಸಾಧ್ಯ ಎಂದು ಜನ ಬೆರಗಾಗುತ್ತಿದ್ದರು. ಹೇಗೆ ಸಾಧ್ಯವೆಂದು ನಾನು ಹೇಳುತ್ತೇನೆ. ಪುರಾಣದ ನಡುವೆ ಕೆಮ್ಮು ಬರುತ್ತಿತ್ತು, ಕೆಮ್ಮಿಗೆ ಪಿತ್ತ ಕಾರಣ, ಪಿತ್ತಕ್ಕೆ ಒಳಗೆ ಬಂದು ಕಷಾಯ. ಕಷಾಯ ಎಂದರೆ ಗಟ್ಟಿ ಹಾಲು ಹಾಕಿದ ಚಹಾ. ಕಷಾಯಕ್ಕೆ ಪಥ್ಯವೆಂದು ಉಪ್ಪಿಟ್ಟು. ಅದನ್ನು ಮಾಡಿಕೊಡುತ್ತಿದ್ದ ಅತ್ತೆ ಮಾತ್ರ ಉಗುಳನ್ನೂ ನುಂಗದೆ ಉಪವಾಸ ಇರುತ್ತಿದ್ದರು. ಇಷ್ಟು ವರ್ಷ ಹೊಗೆ ಮನೆಯೊಳಗೇ ಸುತ್ತಿ ಹಂಚಿನ ಸಂದಿಯಲ್ಲಿ ಗುಟ್ಟಾಗಿ ಹೋಗುತ್ತಿತ್ತು. ಈಗ ಅದಕ್ಕೆ ರಾಜಮಾರ್ಗವಾಗಿತ್ತು.

ಹಿತ್ತಲ ಗೋಡೆಯಾಚೆ ಲಿಂಗಾಯತ ವ್ಯಾಪಾರಿಯೊಬ್ಬರ ಮನೆ. ಅವರ ಹೆಂಡತಿ ಒಳ್ಳೆಯ ಮನಸ್ಸಿನವರು. ಕೊಳವೆಯ ಕಡೆ ನೋಡುತ್ತ ನನ್ನನ್ನು ಕೇಳಿದರು.

"ಏನವ್ವಾ, ಇವತ್ತ ನಿಮ್ಮದು ಏಕಾದಶಿ ಅಲ್ಲೇನ? ಹೊಗಿ ಏಳಾಕತ್ತೈತಿ, ಒಗ್ಗರಣಿ ವಾಸನಿನೂ ಬರಾಕತ್ತೈತಿ."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಆಕಳಿಗೆ ಪಿತ್ತವಾಗಿದೆ, ಅದಕ್ಕೆ ಕಷಾಯ. ಸಂಜೆ ಪುರಾಣ ಮುಗಿದ ಮೇಲೆ ಆ ವ್ಯಾಪಾರಿಗಳು ಎಲ್ಲರೆದುರು ಬಹಳ ಕಾಳಜಿಯಿಂದ ಮಾವನವರಿಗೆ, ಆಕಳ ಪಿತ್ತ ಇಳಿಯಿತೇ, ಒಗ್ಗರಣೆ ಹಾಕಿದ ಕಷಾಯ ಅದಕ್ಕೆ ಸೇರಿತೇ ಎಂದು ಕೇಳಿದರಂತೆ. ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರಂತೆ.

ಮುಂದಿನ ಏಕಾದಶಿಯ ಬೆಳಿಗ್ಗೆ ನಸುಕಿನಲ್ಲೇ ಮಾವನವರು ತಾವೇ ನಿಚ್ಚಣಿಕೆ ಹಾಕಿಕೊಂಡು ಹತ್ತಿ ಕೊಳವೆಯ ಬಾಯಿಗೆ ಗೋಣಿಚೀಲ ತುರುಕಿ ಬಂದರು. ಒಂದು ದಿನದ ಮಾತು, ಏನಾಗುತ್ತದೆ ಎಂದರು. ಮರುದಿನ ದ್ವಾದಶಿ, ಸೂರ್ಯ ಹುಟ್ಟುವ ಮೊದಲೇ ದೊಡ್ಡ ಅಡಿಗೆ. ಚೀಲ ಅಲ್ಲಿಯೇ ಇತ್ತು. ಹದಿನೈದು ದಿನಕ್ಕೊಮ್ಮೆ ತುರುಕಬೇಕಾದದ್ದೇ, ನಡುವೆ ತೆಗೆಯುವುದು ಯಾಕೆ ಎಂದು ಅವರ ವಾದ. ರವಿವಾರ ನನ್ನ ಗಂಡ ಬಂದಾಗ ಕೇಳಿಕೊಂಡೆ. ಅವರು ಕಚೇರಿಯಲ್ಲಿ ಸಾಹೇಬರಿಗೆ ಹೂಂ ಅನ್ನುತ್ತಿದ್ದರು, ಮನೆಯಲ್ಲಿ ಅಪ್ಪನಿಗೆ ಹೂಂ ಅನ್ನುತ್ತಿದ್ದರು, ನನಗೆ ಮಾತ್ರ "ನೋಡೋಣು" ಅನ್ನುತ್ತಿದ್ದರು. ನಾನೇ ಹತ್ತುತ್ತೇನೆಂದರೆ, ಸೊಸೆ ಸೂರು ಹತ್ತಿದರೆ ಜನ ಏನಂದಾರು? ಮತ್ತೆ ಅದೇ ವೇದ.

ಆ ಹದಿನೈದು ದಿನದಲ್ಲಿ ಅತ್ತೆಯ ಬಲಗಣ್ಣು ಬಾತು ಮುಚ್ಚಿತು. ನಂದಿಬಟ್ಟಲ ಹೂವಿನ ರಸ ಹಿಂಡಿ ಒದ್ದೆ ಬಟ್ಟೆ ಕಟ್ಟುತ್ತಿದ್ದೆ. ಬಟ್ಟೆ ಬಿಚ್ಚಿದಾಗ ಏನು ಕಾಣುತ್ತದೆ ಎಂದು ಕೇಳಲು ನನಗೆ ಹೆದರಿಕೆ. ಅವರು ಬೈಯುವುದನ್ನು ಬಿಟ್ಟಿದ್ದರು. ಮಾವನವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ಬೇಡ.

ಮತ್ತೆ ಏಕಾದಶಿ. ಪಡಸಾಲೆ ತುಂಬ ಜನ. ಪುರಾಣದ ನಡುವೆ ಕೆಮ್ಮು ಬಂತು, ಪಿತ್ತವೂ ಬಂತು, ಮಾವನವರು ಅಡಿಗೆಮನೆಯ ಬಾಗಿಲಿಗೆ ಬಂದರು. ಒಲೆ ತಣ್ಣಗಿತ್ತು. ಅತ್ತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದರ ಮುಂದೆ ಕುಳಿತಿದ್ದರು. ಕೊಳವೆಯ ಬಾಯಿ ತೆಗೆದ ಹೊರತು ಒಲೆ ಹಚ್ಚುವುದಿಲ್ಲ ಎಂದರು.

"ಸಾವಕಾಶ ಮಾತಾಡು," ಮಾವನವರು ಪಿಸುಗುಟ್ಟಿದರು. "ಹೊರಗ ಜನ ಇದ್ದಾರ."

"ಇದ್ದಾರಂತನ ಹೇಳ್ತೀನಿ," ಅತ್ತೆಯ ದನಿ ಪಡಸಾಲೆ ದಾಟಿ ಓಣಿಗೆ ಹೋಯಿತು. "ಒಂದು ಕಣ್ಣು ನಿಮ್ಮ ಪೋಥಿಗೆ ಕೊಟ್ಟೆ. ಇನ್ನೊಂದು ನಿಮ್ಮ ಏಕಾದಶಿಗೆ ಕೊಡಂಗಿಲ್ಲ."

ಪಡಸಾಲೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮಾವನವರು ಕಚ್ಚೆ ಬಿಗಿದು ಹಿತ್ತಲಿಗೆ ಹೋಗಿ ನಿಚ್ಚಣಿಕೆ ಹತ್ತಿದರು. ಗೋಡೆಯಾಚೆಯ ವ್ಯಾಪಾರಿಯ ಹೆಂಡತಿ ಕೊಡ ಕೆಳಗಿಟ್ಟು ನೋಡುತ್ತ ನಿಂತರು. ಮೇಲೆ ಹಂಚು ಕಟಕಟ ಅಂದವು, ಚೀಲ ಕಿತ್ತ ಸಪ್ಪಳ ಕೇಳಿಸಿತು, ಮಸಿ ಒಲೆಯೊಳಗೆ ಉದುರಿ ಬಿತ್ತು.

ಮಸಿ ಉದುರಿ ನಿಂತ ಮೇಲೆ ಅತ್ತೆ ಕಣ್ಣಿನ ಬಟ್ಟೆ ಬಿಚ್ಚಿದರು. ಒಲೆಯ ಹತ್ತಿರ ಬಗ್ಗಿ ಕತ್ತು ಎತ್ತಿ ಕೊಳವೆಯೊಳಗೆ ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ. ಮೇಲಿನಿಂದ ಮಾವನವರು ಕೊಳವೆಯ ಬಾಯಿಗೆ ಬಗ್ಗಿ ಕೇಳಿದರು.

"ಆತಿಲ್ಲೋ? ಸಮಾಧಾನ ಆತಿಲ್ಲೋ?"

ಅತ್ತೆ ಬಾತ ರೆಪ್ಪೆಯನ್ನು ಬೆರಳಿನಿಂದ ಅಗಲಿಸಿ ಮತ್ತೊಮ್ಮೆ ನೋಡಿದರು.

"ಕಾಣ್ತೀರಿ," ಅಂದರು. "ಈಗ ಸ್ವಚ್ಛ ಕಾಣ್ತೀರಿ."

ಆ ದಿನ ಒಲೆ ಹಚ್ಚಲಿಲ್ಲ. ನಾನು ಆ ಮನೆಗೆ ಬಂದ ಮೇಲೆ ನೋಡಿದ ಮೊದಲ ಏಕಾದಶಿ ಅದು.