ಅಮ್ಮನ ಎಪ್ಪತ್ತರ ಮೊದಲ ತುತ್ತು

ಬೆಳಿಗ್ಗೆ ಬೀನ್ಸ್ ನಾರು ತೆಗೆದೆ, ಹುರುಳಿಕಾಳು ಬೇಯಿಸಿದೆ, ಅಮ್ಮನಿಗೆ ತಲೆ ಬಾಚಿದೆ, ಊಟದ ತಟ್ಟೆಗಳನ್ನೆಲ್ಲ ಒರೆಸಿಟ್ಟೆ. ಅಮ್ಮನಿಗೆ ಇವತ್ತು ಎಪ್ಪತ್ತು ತುಂಬಿತು. ಎರಡು ದಿನ ರಜೆ ಹಾಕಿ ಮನೆಮಂದಿಯೆಲ್ಲ ತಳಿ ಎಂಬ ಊರಿಗೆ ಬಂದಿದ್ದೇವೆ. ಇಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾವೇ ಅಡುಗೆ ಮಾಡಿ ಬಡಿಸಬೇಕೆಂಬುದು ಅವಳದೇ ಆಸೆ.

ಹಾಸ್ಟೆಲಿನ ಮಕ್ಕಳೆಲ್ಲ ಉಂಡೆದ್ದರೂ ಅಮ್ಮ ಮುದ್ದೆ ಮುಟ್ಟಲಿಲ್ಲ. ಹುಟ್ಟಿದ ದಿನ ಮೊದಲ ತುತ್ತನ್ನು ಹಿರಿಯರ ಕೈಯಿಂದ ಉಣ್ಣುವುದು ನಮ್ಮ ಮನೆಯ ರೂಢಿ. ಪ್ರತಿ ವರ್ಷ ಅವಳ ಅಕ್ಕ, ನಮ್ಮ ದೊಡ್ಡಮ್ಮ, ತಿನ್ನಿಸುತ್ತಿದ್ದಳು. ದೊಡ್ಡಮ್ಮ ತೀರಿಕೊಂಡು ಮೂರು ತಿಂಗಳಾಯಿತು. ನಾನೇ ತಿನ್ನಿಸಿದರಾಯಿತು ಅಂದುಕೊಂಡು ತುತ್ತು ಹಿಡಿದೆ.

"ನೀನಿಕ್ಕಿದ್ರೆ ಆಯ್ತದೇನೆ? ನಂಗಿಂತ ದೊಡ್ಡೋರು ಯಾರವ್ರೆ ಈಗ?" ಎಂದು ಅಮ್ಮ ಮುಖ ತಿರುಗಿಸಿದಳು.

ಪಾತ್ರೆ ಉಜ್ಜುತ್ತಿದ್ದ ಹಾಸ್ಟೆಲಿನ ಮುನಿಯಮ್ಮ ಕೈ ತೊಳೆದು ಬಂದಳು. "ನಾನಿಲ್ವೇನವ್ವ? ನಂಗೆ ಎಪ್ಪತ್ತೆರಡು. ಹಲ್ಲು ಹೋದ್ರೂ ವಯಸ್ಸು ಹೋಗಿಲ್ಲ. ತಗಿ ಬಾಯಿ!"

ಮುದ್ದೆಯನ್ನು ನುಂಗದೆ ಅಗಿಯುವವರನ್ನು ಕಂಡರೆ ನಗುತ್ತಿದ್ದ ಅಮ್ಮ ಆ ತುತ್ತನ್ನು ಬಹಳ ಹೊತ್ತು ಅಗಿದಳು. ಕಣ್ಣೀರು ಗಲ್ಲಕ್ಕಿಳಿದರೂ ಒರೆಸಿಕೊಳ್ಳಲಿಲ್ಲ.

"ನಮ್ಮಕ್ಕ ಇನ್ನೂ ದೊಡ್ಡ ತುತ್ತು ಮಾಡೋಳು" ಎಂದಳಷ್ಟೆ.

ಸಂಜೆ ಉಳಿದ ಮುದ್ದೆ, ಹುರುಳಿಸಾರು ಉಂಡೆವು. ಅಮ್ಮ ಒಂದು ಲೋಟ ಮಜ್ಜಿಗೆ ಕುಡಿದಳು. ಮೊದಲು ನಿದ್ದೆ ಹೋದವಳು ಅವಳೇ, ದೊಡ್ಡಮ್ಮ ಜೊತೆಗಿದ್ದಾಗಿನಂತೆಯೇ ಅರ್ಧ ಚಾಪೆ ಬಿಟ್ಟು.